ಸುರಂಗಿಗೆ ಮಾಲೀಶು ಮಾಡಿದ ಸೋಮವಾರ

ಮನೆಗೆ ಮೊಮ್ಮಗಳು ಬಂದಿದ್ದಾಳೆ. ಸಂತೋಷ ಎದೆಯೊಳಗೆ ಹಿಡಿಸುತ್ತಿಲ್ಲ, ಯಾರು ಸಿಕ್ಕರೂ ನಿಲ್ಲಿಸಿ ಹೇಳುತ್ತಿದ್ದೇನೆ. ಕಾಯಿಪಲ್ಯ ಮಾರುವವಳಿಗೂ ಹೇಳಿಯಾಯಿತು; ಮರುದಿನ ಮತ್ತೆ ಹೇಳಿದಾಗ ಅವಳು ಬುಟ್ಟಿ ಇಳಿಸದೆಯೇ ನಕ್ಕು ಮುಂದೆ ಹೋದಳು. ಮುಂಜಾನೆ ಬಚ್ಚಲ ಬಾಗಿಲಲ್ಲಿ ಕಾಲು ಚಾಚಿ ಕೂತು, ಕೂಸನ್ನು ಕಾಲ ಮೇಲೆ ಬೋರಲು ಹಾಕಿಕೊಂಡು, ಬೆಚ್ಚಗಿನ ಕುಸುಬಿ ಎಣ್ಣೆ ಹಚ್ಚುತ್ತೇನೆ. ನನ್ನ ಅಂಗೈಯಷ್ಟೇ ಬೆನ್ನು. ಮೊದಲು ಅಳುತ್ತಾಳೆ, ಆಮೇಲೆ ಅಳು ಮರೆತು ಬಾಯಿ ಚಪ್ಪರಿಸುತ್ತಾಳೆ, ಆಮೇಲೆ ಕಣ್ಣು ತೇಲಿಸುತ್ತಾಳೆ. ಮೊನ್ನೆ ಸೊಸೆ ಬಾಗಿಲಿಗೆ ಒರಗಿ ನಿಂತು ನೋಡುತ್ತಿದ್ದಳು.

“ಅತ್ತಿ, ಇಷ್ಟು ಛಲೋ ತಿಕ್ಕೂದು ಎಲ್ಲಿ ಕಲ್ತೀರಿ?”

“ಕುದುರಿ ಮ್ಯಾಲ” ಅಂದೆ.

ಅವಳು ನಕ್ಕಿದ್ದೇ ನಕ್ಕಿದ್ದು. ನಾನು ನಗಲಿಲ್ಲ. ಅದನ್ನು ಕಂಡು ಅವಳೂ ನಿಲ್ಲಿಸಿದಳು. “ಹಂಗಾರ ಅದನ್ನ ಬರೀರಿ, ಇಕಿ ದೊಡ್ಡಾಕಿ ಆದ ಮ್ಯಾಲೆ ಓದ್ತಾಳ” ಅಂದಳು. ನಾನು ಶಾಲೆಗೆ ಹೋದದ್ದು ಅಷ್ಟಕ್ಕಷ್ಟೇ. ಆಗ ಶಾಲೆಯಲ್ಲಿ ಹೇಳಿಕೊಡುತ್ತಿದ್ದದ್ದು ಉರ್ದು, ಕನ್ನಡದ ಅಕ್ಷರ ಮುತ್ಯಾನಿಂದ, ಅಂದರೆ ಅಪ್ಪನ ಅಪ್ಪನಿಂದ, ಕಲಿತದ್ದು. ಅವನು ಬೂದಿ ಹರಡಿ ಅದರ ಮೇಲೆ ಬೆರಳು ಹಿಡಿದು ತಿದ್ದಿಸುತ್ತಿದ್ದ. ಹಾಗಾಗಿ ಈ ಬರವಣಿಗೆಯೂ ಅವನದೇ ಅನ್ನಬೇಕು.

ಕರಜಗಿಯ ನಮ್ಮ ಮನೆಗೆ ಒಂದೇ ಬಾಗಿಲು. ಮನುಷ್ಯರೂ ದನಗಳೂ ಅದೇ ಬಾಗಿಲಿನಿಂದ ಒಳಗೆ ಬರುತ್ತಿದ್ದರು. ಬಂದ ಕೂಡಲೇ ಕೆಳಗೆ ದನ ಕಟ್ಟುವ ದಂದಕ್ಕಿ, ಅದರಿಂದ ಮೊಣಕಾಲೆತ್ತರಕ್ಕೆ ಪಡಸಾಲೆ, ಅದರ ಹಿಂದೆ ಕತ್ತಲಿನ ಅಡುಗೆಮನೆ. ಪಡಸಾಲೆಯಲ್ಲಿ ಊಟಕ್ಕೆ ಕೂತರೆ ಎದುರಿಗೆ ಎತ್ತುಗಳೂ ಮೆಲುಕು ಹಾಕುತ್ತಿದ್ದವು. ಅಡುಗೆಮನೆಯಲ್ಲಿ ಅವ್ವ ರೊಟ್ಟಿ ಬಡಿಯುವ ಸಪ್ಪಳ ಶುರುವಾದರೆ ದಂದಕ್ಕಿಯ ಕೊನೆಯಲ್ಲಿ ಸುರಂಗಿ ಕಾಲಿನಿಂದ ನೆಲ ಕೆರೆಯುತ್ತಿದ್ದಳು. ಸುರಂಗಿ ಮುತ್ಯಾನ ಕುದುರೆ. ಕೆಂಪು ಮೈ, ಹಣೆಯ ಮೇಲೆ ಬೆರಳು ಒತ್ತಿದಷ್ಟು ಬಿಳಿ. ಮೊದಲ ರೊಟ್ಟಿ ಅವಳಿಗೆ ಕೊಡುವುದು ಅವ್ವನ ರೂಢಿ. ಆಯಿ, ಅಂದರೆ ನನ್ನ ಅಜ್ಜಿ, ಅದಕ್ಕೆ ದಿನಾ ಗೊಣಗುತ್ತಿದ್ದಳು.

“ಈ ಮನ್ಯಾಗ ಮೊದಲ ಸೊಸಿ ಕುದುರಿ, ಎರಡನೇ ಸೊಸಿ ನೀನು.”

“ಆಕಿ ನನಗಿಂತ ಮೊದಲ ಬಂದಾಳ್ರಿ ಅತ್ತಿ” ಅಂತ ಅವ್ವ ಒಲೆಯ ಕಡೆ ಮುಖ ಮಾಡಿ ನಗುತ್ತಿದ್ದಳು.

ಆ ವರ್ಷ ಅವ್ವ ಬಸುರಿ. ನನ್ನ ಬೆನ್ನಿಗೆ ಹುಟ್ಟಿದ ತಮ್ಮಂದಿರಿಬ್ಬರು ಅದೇ ಮನೆಯ ಅದೇ ಕತ್ತಲು ಕೋಣೆಯಲ್ಲಿ ಹುಟ್ಟಿ, ಹಾಲು ಕುಡಿಯುವ ಮೊದಲೇ ಹೋಗಿದ್ದರು. ಈ ಸಲ ತವರಿನಲ್ಲೇ ಹೆರುತ್ತೇನೆ ಎಂದು ಅವ್ವ ಹಟ ಹಿಡಿದಿದ್ದಳು. ಅವಳ ತವರು ಹಳ್ಳದ ಆಚೆ, ಸೊಲ್ಲಾಪುರದ ಸೀಮೆಗೆ ಸೇರಿದ್ದು. ಅಪ್ಪನೂ ಆಚೆಯೇ ಇದ್ದ, ಸೊಲ್ಲಾಪುರದ ಗಿರಣಿಯಲ್ಲಿ ದುಡಿಯುತ್ತಿದ್ದ. ಮೊದಲೆಲ್ಲ ಆಚೆ ಈಚೆ ಎನ್ನುವುದೇ ನಮಗೆ ಗೊತ್ತಿರಲಿಲ್ಲ. ಬೆಲ್ಲ ಮುಗಿದರೆ ಆಚೆ ಹೋಗಿ ತರುತ್ತಿದ್ದೆವು. ಹಿಂದಿನ ವರ್ಷವೇ ಅಲ್ಲಿ ಸ್ವರಾಜ್ಯ ಬಂದಿತ್ತು, ಇಲ್ಲಿ ಇನ್ನೂ ನಿಜಾಮನ ಸರಕಾರವೇ ಇತ್ತು, ನಡುವೆ ತಪಾಸಣೆಯ ನಾಕಾ ಕೂತಿತ್ತು. ಹಿಂದೂ ಮುಸಲ್ಮಾನರ ನಡುವೆ ಗದ್ದಲ ಶುರುವಾಗಿತ್ತು. ಅಪ್ಪ ಬರುವಂತಿರಲಿಲ್ಲ. ನಮ್ಮೂರ ಸೂಲಗಿತ್ತಿಯೂ ಮಕ್ಕಳನ್ನು ಕಟ್ಟಿಕೊಂಡು ಊರು ಬಿಟ್ಟಿದ್ದಳು. ಅವ್ವನನ್ನು ಹಳ್ಳ ದಾಟಿಸಬೇಕು, ಹಳ್ಳದ ಆಚೆ ದಡದಿಂದ ತವರಿನ ತನಕ ಬರೀ ಕಲ್ಲುದಾರಿ, ಗಾಡಿ ಹೋಗುವುದಿಲ್ಲ. ಸುರಂಗಿಯೇ ಅವಳನ್ನು ಹೊರಬೇಕು. ಮನೆಯ ಜೀವವೆಲ್ಲ ಅದರ ಮೇಲೆ ನಿಂತಿತ್ತು. ಆಗಲೇ ಸುರಂಗಿಯ ಸೊಂಟ ಹಿಡಿದುಕೊಂಡಿತು.

ಮುತ್ಯಾ ಜೀನು ಹಾಕಲು ಹೋದರೆ ಅವಳು ಬೆನ್ನನ್ನು ಕೆಳಕ್ಕೆ ಎಳೆದುಕೊಳ್ಳುತ್ತಿದ್ದಳು. ಕಿವಿ ಹಿಂದಕ್ಕೆ ಒರಗಿಸಿ ಹಲ್ಲು ತೋರಿಸುತ್ತಿದ್ದಳು. ತಿರುಗು ಎಂದರೆ ಕಟ್ಟಿಗೆಯ ಹಾಗೆ ಇಡೀ ಮೈ ಒಟ್ಟಿಗೆ ತಿರುಗುತ್ತಿತ್ತು. ಮುತ್ಯಾ ಅಜವಾನ ಕೊಟ್ಟ, ಸೊಂಟಕ್ಕೆ ಬಿಸಿ ಇಟ್ಟಿಗೆ ಕಟ್ಟಿದ, ಏನೂ ಆಗಲಿಲ್ಲ. ಕೊನೆಗೆ ಆಳಂದದ ದಸ್ತಗೀರನಿಗೆ ಹೇಳಿ ಕಳಿಸಿದ. ದಸ್ತಗೀರ ಕುದುರೆಗಳಿಗೆ ಮಾಲೀಶು ಮಾಡುವವನು. ಬೇರೆ ಕೆಲಸವೇ ಅವನಿಗೆ ಇರಲಿಲ್ಲ. ಆಳಂದದಿಂದ ಹೊರಟು ಗೊಬ್ಬೂರ, ಅಫಜಲಪುರ, ಆಮೇಲೆ ಜೇವರ್ಗಿ, ಹೀಗೆ ಕುದುರೆ ಇದ್ದ ಮನೆಗಳನ್ನೆಲ್ಲ ಸುತ್ತಿ ಬರುತ್ತಿದ್ದ. ಉದ್ದ ಆಳು, ಮದರಂಗಿ ಹಚ್ಚಿದ ಕೆಂಪು ಗಡ್ಡ, ಹೆಗಲ ಮೇಲೆ ಒಂದು ಕಂಬಳಿ. ಹೊಸಿಲಿನ ಆಚೆಯಿಂದಲೇ ತನ್ನ ದೊಡ್ಡಸ್ತಿಕೆ ಶುರು ಮಾಡುತ್ತಿದ್ದ.

“ಜೇವರ್ಗಿ ದೇಸಾಯರ ಕುದುರಿ ನನ್ನ ದನಿ ಕೇಳಿದರ ಸಾಕು, ಬಾಲ ಎತ್ತಿ ಕುಣೀತದ್ರಿ ಅಮ್ಮಾರ!”

“ನಿನ್ನ ದನಿ ಕೇಳಿದರ ನಿನ್ನ ಹೇಣ್ತಿ ಏನ್ ಎತ್ತತಾಳೋ?” ಅಂದಳು ಆಯಿ.

“ಕಸಬರಗಿ ಎತ್ತತಾಳ್ರಿ.”

ಅವ್ವ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆ ತಿಂಗಳುಗಳಲ್ಲಿ ನಮ್ಮ ಮನೆಯಲ್ಲಿ ಯಾರಾದರೂ ಬಾಯಿಬಿಟ್ಟು ನಕ್ಕದ್ದು ದಸ್ತಗೀರ ಬಂದಾಗ ಮಾತ್ರ.

ಅವನು ಬಂದವನೇ ಎಣ್ಣೆ ಕೇಳುತ್ತಾನೆ ಎಂದು ನಾನು ತಿಳಿದಿದ್ದೆ. ಅವನು ಕುದುರೆಯನ್ನು ಮುಟ್ಟಲೂ ಇಲ್ಲ. ಬೆಳಗಿನ ಮೇವು ಹಾಕಿ ಎಷ್ಟು ಹೊತ್ತಾಯಿತು ಎಂದು ಕೇಳಿದ. ಹೊಟ್ಟೆ ತುಂಬಿದ್ದರೆ ಈಗ ಬೇಡ, ಹಸಿದಿದ್ದರೂ ಬೇಡ ಎಂದ. ನಾಯಿಯನ್ನು ಹೊರಗೆ ಕಟ್ಟಿಸಿದ. ಒನಕೆಯ ಸಪ್ಪಳ ನಿಲ್ಲಿಸಿ ಎಂದು ಪಕ್ಕದ ಮನೆಗೂ ಹೇಳಿಸಿದ. ಆಮೇಲೆ ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತು, ಮುತ್ಯಾನಿಗೆ ಸುರಂಗಿಯನ್ನು ಹಿಡಿದು ಅಡ್ಡಾಡಿಸಲು ಹೇಳಿದ. ಹೋಗುವಾಗ ನೋಡಿದ, ಬರುವಾಗ ನೋಡಿದ. ಕುದುರೆಯನ್ನು ನೋಡಿ ಮುಗಿದ ಮೇಲೆ ಮುತ್ಯಾನನ್ನು ನೋಡತೊಡಗಿದ.

“ಗೌಡ್ರ, ಆ ಕಟ್ಟಿ ಮ್ಯಾಲ ಒಂದ್ಸಲ ಕುಂದರ್ರಿ.”

“ನನಗ್ಯಾಕಲೇ? ಮಾಲೀಸು ಕುದುರಿಗಿ.”

“ಕುಂದರ್ರಿ ಅಂದೆ.” ಮುತ್ಯಾ ಕೂತ. ದಸ್ತಗೀರ ತಲೆಯಾಡಿಸಿದ. “ನೋಡ್ರಿ, ಎಡಕ್ಕ ವಾಲಿ ಕೂತೀರಿ. ಮೊಣಕಾಲು ನಿಮ್ಮದು, ನೋವು ಆಕೀದು. ಅರ್ಧಾ ಗೌಡರನ್ನ ಒಂದ ಕಡಿ ಸೊಂಟದಾಗ ಹೊತ್ತಾಳ್ರಿ ಪಾಪ.”

ಆಯಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಮುತ್ಯಾ ಕಟ್ಟೆಯ ಮೇಲೆ ನೆಟ್ಟಗೆ ಕೂರಲು ನೋಡಿ, ಆಗದೆ, “ಸಾಕು, ಕೆಲಸ ನೋಡು” ಅಂದ.

ದಸ್ತಗೀರ ಅಂಗೈಗಳೆರಡನ್ನೂ ತಿಕ್ಕಿ ಬಿಸಿ ಮಾಡಿಕೊಂಡು ಸುರಂಗಿಯ ಮೂಗಿಗೆ ಹಿಡಿದ. ಅವಳು ಮೂಸುವ ತನಕ ಅಲುಗಲಿಲ್ಲ. “ಮೊದಲ ಸಲಾಮು, ಆಮ್ಯಾಲ ಕೆಲಸ” ಎಂದ. ನಂತರ ಕಣ್ಣು ಮುಚ್ಚಿ, ಕಿವಿಯ ಹಿಂದಿನಿಂದ ಬಾಲದ ಬುಡದ ತನಕ ಬರೀ ಅಂಗೈ ಸವರುತ್ತ ಹೋದ, ಒಂದು ಬದಿ, ಆಮೇಲೆ ಇನ್ನೊಂದು ಬದಿ. ಸೊಂಟದ ಎಡಗಡೆ ಕೈ ಹೋದಾಗ ಸುರಂಗಿಯ ತೊಗಲು ನೊಣ ಕೂತ ಹಾಗೆ ಚಿಮ್ಮಿತು. ಅವನು ಅಲ್ಲಿ ನಿಲ್ಲದೆ ಕೈ ದಾಟಿಸಿಬಿಟ್ಟ. ನಾನು ಕಂಬದ ಮರೆಯಿಂದ ಬಂದು, ನೋವು ಅಲ್ಲೇ ಅದ ಅಂದೆ.

“ಗೊತ್ತದ, ನೀಲಿ ತಂಗಿ. ನೋವಿದ್ದಲ್ಲೇ ಮೊದಲ ಕೈ ಹಾಕಿದರ ಆಕಿ ನನ್ನ ನಂಬಂಗಿಲ್ಲ. ಮೊದಲ ಓಣಿ ಸುತ್ತಬೇಕು, ಆಮ್ಯಾಲ ಬಾಗಿಲು ಬಡೀಬೇಕು.”

ಒಣಹುಲ್ಲನ್ನು ನೀರಿಗೆ ಅದ್ದಿ, ಹೊಸೆದು, ಸಿಂಬೆ ಮಾಡಿದ. ಅದರಿಂದ ಕುತ್ತಿಗೆ, ಹೆಗಲು, ತೊಡೆಗಳ ಮೇಲೆ ಹದವಾಗಿ ಬಡಿದು ಎಳೆದ, ಬಡಿದು ಎಳೆದ. ಎಲುಬು ಇದ್ದಲ್ಲಿ ಬಡಿಯುತ್ತಿರಲಿಲ್ಲ. ಮೈ ಬೆಚ್ಚಗಾಗಿ ಕೂದಲು ಹೊಳೆಯತೊಡಗಿದ ಮೇಲೆ ಎಣ್ಣೆ ಕೇಳಿದ. ಅದೂ ಬಹಳ ಅಲ್ಲ, ಅಂಗೈ ಜಾರುವಷ್ಟು. ಕುತ್ತಿಗೆಯಿಂದ ಹಿಡಿದು ಹೆಗಲಿಗೆ, ಹೆಗಲಿನಿಂದ ಬೆನ್ನಿಗೆ ಅಂಗೈಯ ಬುಡ ಒತ್ತಿ ಎಳೆಯುವಾಗ ಬಾಯಿಂದ “ಹುಸ್ಸ್, ಹುಸ್ಸ್” ಎನ್ನುತ್ತಿದ್ದ. ಆ ಸಪ್ಪಳಕ್ಕೆ ಸುರಂಗಿ ತನ್ನ ಉಸಿರು ಕೂಡಿಸಿದಳು. ಅವಳ ತಲೆ ಮೆಲ್ಲಗೆ ಇಳಿಯಿತು. ಬಾಯಿ ಚಪ್ಪರಿಸಿದಳು. ಆಕಳಿಸಿದಳು. ಕುದುರೆ ಆಕಳಿಸುವುದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ, ಗುಡಿಯ ಬಾಗಿಲು ತೆರೆದ ಹಾಗೆ ಅಷ್ಟು ದೊಡ್ಡದು. ಕೆಳತುಟಿ ಸಡಿಲಾಗಿ ಜೋತುಬಿದ್ದಾಗ ದಸ್ತಗೀರ ನನ್ನ ಕಡೆ ನೋಡಿ ಹುಬ್ಬು ಕುಣಿಸಿದ. ಈಗ ಬಾಗಿಲು ತೆಗೆದಾಳ ಎನ್ನುವ ಅರ್ಥ. ಆಗ ಸೊಂಟಕ್ಕೆ ಹೋದ. ಮುಂಗೈ ಇಟ್ಟು, ತನ್ನ ಮೈಭಾರವನ್ನು ಅದರ ಮೇಲೆ ಒರಗಿಸಿ, ತಳ್ಳದೆ, ಸುಮ್ಮನೆ ಕಾದ. ಅವಳು ತಾನಾಗಿ ಅವನ ಕೈಗೆ ಒತ್ತಿಕೊಂಡಾಗ ಮಾತ್ರ ಅವನು ಒತ್ತಿದ. ಒಮ್ಮೆ ಅವಳು ಕಿವಿ ಹಿಂದಕ್ಕೆ ಎಳೆದಳು. ಅವನು ತಕ್ಷಣ ಕೈ ಹಗುರ ಮಾಡಿ, ಮತ್ತೆ ಹೆಗಲಿನಿಂದ ಶುರು ಮಾಡಿದ.

ನನ್ನನ್ನು ಕರೆದು, ನನ್ನ ಕೈಯನ್ನು ತನ್ನ ಕೈ ಕೆಳಗೆ ಇಟ್ಟುಕೊಂಡ. “ಇಲ್ಲಿ ಬೆಣ್ಣಿ ಅದ. ಇಲ್ಲಿ ಕಲ್ಲು ಅದ. ಹತ್ತಿತೇನ ಕೈಗಿ?” ಹತ್ತಿತು. ತೊಗಲಿನ ಕೆಳಗೆ ಗಂಟು ಗಂಟಾಗಿ ಏನೋ ಇತ್ತು. ಅದು ನನ್ನ ಅಂಗೈ ಕೆಳಗೇ ಕರಗಿದ್ದು ಇಂದಿಗೂ ನೆನಪಿದೆ. ದೊಡ್ಡವಳಾದ ಮೇಲೆ ಸೂಲಗಿತ್ತಿಯರು ನನ್ನನ್ನು ಊರೂರಿಗೆ ಕರೆಸಿ ಬಾಣಂತಿಯರ ಮೈ ತಿಕ್ಕಿಸಿದ್ದಾರೆ. ನಾನು ಕೈ ಇಟ್ಟಾಗಲೆಲ್ಲ ಮೊದಲು ಹುಡುಕುವುದು ಅದನ್ನೇ. ಕೊನೆಗೆ ದಸ್ತಗೀರ ಸುರಂಗಿಯ ಒಂದೊಂದು ಕಾಲನ್ನೂ ಎತ್ತಿ ಮೆಲ್ಲಗೆ ಮುಂದಕ್ಕೆ ಚಾಚಿಸಿದ, ಬಾಲದ ಬುಡ ಹಿಡಿದು ಹದವಾಗಿ ಎಳೆದು ನಿಂತ. ಮೈಮೇಲೆ ತನ್ನ ಕಂಬಳಿ ಹೊದಿಸಿ, ಉಗುರುಬೆಚ್ಚಗಿನ ನೀರು ಕುಡಿಸಲು ಹೇಳಿದ. ಆಯಿ ಅವನಿಗಾಗಿ ಬೇರೆ ಇಟ್ಟ ತಾಟಿನಲ್ಲಿ ಕಟ್ಟೆಯ ಮೇಲೆ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಬಡಿಸಿದಳು. ಆಗಿನ ರೀತಿ ಹಾಗೆ ಇತ್ತು; ಅವನೂ ಅದನ್ನು ಕೇಳಲಿಲ್ಲ, ನಾವೂ ಯೋಚಿಸಲಿಲ್ಲ.

“ಇವತ್ತ ಆಕಿ ಹೆಣದಂಗ ಇರ್ತಾಳ್ರಿ. ಮೇವು ಮುಟ್ಟಲಿಲ್ಲ ಅಂತ ನನ್ನ ಬೈಬ್ಯಾಡ್ರಿ. ಕಟ್ಟಿದ ಮೈ ಬಿಚ್ಚಿದ ಮ್ಯಾಲ ಹಗ್ಗ ಬಿಚ್ಚಿದ ಮೂಟಿ ಇದ್ದಂಗ. ಇವತ್ತ ಜೀನು ಇಲ್ಲ, ಭಾರ ಇಲ್ಲ. ಬರೀ ಕೈಲಿ ಹಿಡದು ನಾಕ ಹೆಜ್ಜಿ ಅಡ್ಡಾಡಸರಿ. ನಾಳಿ ಹೊತ್ತು ಹುಟ್ಟಿದ ಮ್ಯಾಲ ನೋಡ್ರಿ, ಮದಲಗಿತ್ತಿ!”

ಅವನು ಹೇಳಿದ್ದರೂ ಸಂಜೆ ಸುರಂಗಿ ಗೋಣು ಜೋತುಹಾಕಿ ನಿಂತದ್ದು ಕಂಡು ಆಯಿ ಸುಮ್ಮನಿರಲಿಲ್ಲ. “ಇದ್ದ ಕುದುರಿನೂ ಕೆಡಿಸಿ ಹ್ವಾದ, ಬಾಯಿಬಡಕ” ಎಂದು ಊರಿಗೆಲ್ಲ ಕೇಳುವ ಹಾಗೆ ಬೈದಳು. ಮರುದಿನ ಬೆಳಗ್ಗೆ ಅವ್ವ ರೊಟ್ಟಿ ಬಡಿಯಲು ಕೂತಾಗ ದಂದಕ್ಕಿಯಿಂದ ಕಾಲು ಕೆರೆಯುವ ಸಪ್ಪಳ ಬಂತು. ಸುರಂಗಿ ಗೋಣು ತಿರುಗಿಸಿ ತನ್ನ ಬಾಲವನ್ನೇ ನೋಡುತ್ತಿದ್ದಳು, ಅದು ತನ್ನದೇ ಎಂದು ಆಗಷ್ಟೇ ಗೊತ್ತಾದ ಹಾಗೆ. ಆಯಿ ಎರಡನೇ ರೊಟ್ಟಿಯನ್ನೂ ತಾನೇ ಒಯ್ದು ಕೊಟ್ಟಳು.

ದಸ್ತಗೀರ ಅಲ್ಲಿ ಇಲ್ಲಿ ಸುತ್ತಿ ಮತ್ತೆ ಬಂದ, ಮತ್ತೆ ಮಾಡಿದ. ಕೊನೆಯ ಮಾಲೀಶು ಬಿದ್ದದ್ದು ಸೋಮವಾರ. ಅದಕ್ಕೆ ಕಾರಣವೂ ಇತ್ತು. ನಮ್ಮ ಮನೆಯಲ್ಲಿ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಎತ್ತು ಎಂದರೆ ಬಸವಣ್ಣ, ಸೋಮವಾರ ಅವನ ದಿನ. ಆ ದಿನ ಮೈ ತೊಳೆದು, ಹಣೆಗೆ ವಿಭೂತಿ ಹಚ್ಚಿ, ಮೇವು ಹಾಕಿ ಕೈಮುಗಿಯುವುದು. ತನ್ನ ಮಗಳ ದಿಬ್ಬಣ ಹೊರಡಿಸುವಾಗಲೂ ಮುತ್ಯಾ ಸೋಮವಾರ ಗಾಡಿ ಕಟ್ಟಿರಲಿಲ್ಲ, ಬೀಗರನ್ನು ಒಂದು ದಿನ ಕೂರಿಸಿಕೊಂಡಿದ್ದ. ಹೊಲದ ಕೆಲಸ ಇಲ್ಲದ ದಿನ, ಮನೆಯಲ್ಲಿ ಎಲ್ಲರೂ ಇರುತ್ತಾರೆ, ಮಾಲೀಶಿಗೆ ಅನುಕೂಲ ಎಂದು ಮುತ್ಯಾನೇ ಗೊತ್ತುಮಾಡಿದ್ದ. ಸೋಮವಾರ ಮಾಲೀಶು, ಮಂಗಳವಾರ ಹೊತ್ತು ಹುಟ್ಟುವಾಗ ಅವ್ವನ ಪಯಣ. ಅವ್ವ ಆಗಲೇ ಗಂಟು ಕಟ್ಟಿಟ್ಟಿದ್ದಳು, ಹುಟ್ಟಲಿರುವ ಕೂಸಿನ ತಲೆಗೆ ಹಳೆ ಸೀರೆಯ ಕುಲಾಯಿ ಹೊಲಿದಿದ್ದಳು.

ದಸ್ತಗೀರ ಕೆಲಸ ಮುಗಿಸಿ ಕಟ್ಟೆಯ ಮೇಲೆ ರೊಟ್ಟಿ ಮುರಿಯುತ್ತಿದ್ದ. ಸುರಂಗಿ ಕಂಬಳಿ ಹೊದ್ದು ನಿದ್ದೆಯಲ್ಲಿದ್ದಳು. ಆಗ ಅತನೂರ ಕಡೆಯಿಂದ ಬಂದ ನಮ್ಮ ಓಣಿಯವನೊಬ್ಬ ಬಾಗಿಲಲ್ಲೇ ನಿಂತು ಹೇಳಿದ: ನಿಜಾಮನ ಕಡೆಯ ಬಂದೂಕಿನವರು ಊರೂರಿಗೆ ನುಗ್ಗಿ ಕುದುರೆ ಕಂಡಲ್ಲಿ ಹಿಡಿದೊಯ್ಯುತ್ತಿದ್ದಾರೆ, ನಾಳೆಯಿಂದ ಹಳ್ಳದ ದಾರಿಯಲ್ಲಿ ಕಾವಲು ಕೂರುತ್ತದೆ, ಯಾರನ್ನೂ ಆಚೆ ಬಿಡುವುದಿಲ್ಲ. ಹೇಳಿ ಅವನು ಓಡಿಯೇಹೋದ. ಮೊದಲು ಎದ್ದದ್ದು ಆಯಿಯ ದನಿ.

“ಈಗ ಹೊಂಡಸರಿ. ಗಾಡಿ ಕಟ್ರಿ.”

“ಸೋಮವಾರ” ಅಂದ ಮುತ್ಯಾ.

“ಗೊತ್ತದ ಸೋಮವಾರ ಅಂತ!”

ದಸ್ತಗೀರ ತಾಟು ಬದಿಗಿಟ್ಟು ಎದ್ದ. “ಗೌಡ್ರ, ಹಳ್ಳದ ತನಾ ಗಾಡ್ಯಾಗ ಕರಕೊಂಡು ಹೋಗ್ರಿ. ಆಚಿ ದಂಡೀಲೆ ಹೊರಸು ತರಿಸಿ, ಅಕ್ಕಾರನ್ನ ಅದರ ಮ್ಯಾಲ ಮಲಗಿಸಿ ಹೊತಗೊಂಡು ಹೋಗೂದು. ನಾನೂ ಹೆಗಲು ಕೊಡ್ತೀನಿ. ಕುದುರಿಗಿ ಮಾತ್ರ ಇವತ್ತ ಕೈ ಹಚ್ಚಬ್ಯಾಡ್ರಿ. ಮೈಯೆಲ್ಲಾ ಬಿಚ್ಚಿ ಇಟ್ಟೀನಿ. ಕೆಸರಾಗ ಆಕೀ ಸೊಂಟ ನಿಲ್ಲಂಗಿಲ್ಲ.”

“ಕುದುರಿ ಹೊರಲಿಕ್ಕೇ ಹುಟ್ಟೇದ. ಎತ್ತು ದೇವ್ರು.”

“ಆ ದೇವ್ರು ಬಂದು ನಿಮ್ಮ ಸೊಸಿ ಬಾಣಂತನ ಮಾಡ್ತಾನೇನ್ರಿ?” ಆಯಿ ಚೀರಿದಳು. “ಎರಡ ಕೂಸು ಮಣ್ಣಿಗಿ ಹಾಕೇವಿ ಈ ಮನ್ಯಾಗ. ಮೂರನೇದೂ ಹಾಕಬೇಕಂತ ಮಾಡೀರೇನು?”

ಮುತ್ಯಾ ಕೆಟ್ಟವನಲ್ಲ, ಇದನ್ನು ಓದುವ ನನ್ನ ಮೊಮ್ಮಗಳಿಗೆ ಅದು ಗೊತ್ತಿರಬೇಕು. ಬಳಗದಲ್ಲಿ ಯಾರಿಗೆ ಜ್ವರ ಬಂದರೂ ರಾತ್ರಿಯೆಲ್ಲ ಕೂತಿರುತ್ತಿದ್ದ. ಎರಡು ಕೂಸು ಹೋದದ್ದು ಯಾವುದೋ ತಪ್ಪಿನಿಂದ ಎಂದು ಅವನ ಮನಸ್ಸಿನಲ್ಲಿ ಕೂತುಬಿಟ್ಟಿತ್ತು. ಈಗ, ಮೂರನೆಯದು ಹುಟ್ಟುವ ಹೊತ್ತಿನಲ್ಲಿ, ಅಪ್ಪ ಅಜ್ಜಂದಿರು ನಡೆಸಿಕೊಂಡು ಬಂದದ್ದನ್ನು ಮುರಿಯಲು ಅವನಿಗೆ ಧೈರ್ಯ ಸಾಲಲಿಲ್ಲ. ಅವನು ಬಸವಣ್ಣನಿಗೆ ಹೆದರಿದ್ದು ಕೂಸಿನ ಸಲುವಾಗಿಯೇ. ಅದನ್ನು ಬಾಯಿಬಿಟ್ಟು ಹೇಳಲು ಬರದೆ ಎತ್ತುಗಳ ಮುಂದೆ ಕೈಚಾಚಿ ನಿಂತ, ಯಾರೋ ಬಿಚ್ಚಲು ಬರುತ್ತಾರೇನೋ ಎನ್ನುವಂತೆ. ಕೊನೆಗೆ ಮಾತಾಡಿದ್ದು ಅವ್ವ.

“ಮಾವ, ನನ್ನ ಸಲುವಾಗಿ ಯಾರ ನೇಮಾನೂ ಕೆಡೂದು ಬ್ಯಾಡ್ರಿ. ಸುರಂಗಿ ನನ್ನ ಒಯ್ತಾಳ. ದಸ್ತಗೀರಣ್ಣ, ನೀನು ಬಾಜೂಕ ನಡಿ ಬಾ.”

ದಸ್ತಗೀರ ಅವ್ವನ ಮುಖ ನೋಡಿದ, ಕುದುರೆಯ ಮುಖ ನೋಡಿದ. ಮುಸಲ್ಮಾನನಾದ ಅವನಿಗೆ ಆಚೆ ದಡದಲ್ಲಿ ಜೀವಭಯ, ಈಚೆ ದಡದಲ್ಲಿ ನಮ್ಮ ಜೊತೆ ಬಂದೂಕಿನವರ ಕಣ್ಣಿಗೆ ಬೀಳುವಂತಿರಲಿಲ್ಲ. ಆದರೂ ಕಂಬಳಿ ಹೆಗಲಿಗೆ ಹಾಕಿಕೊಂಡ. ಜೀನು ಬೇಡ ಎಂದು ಕೌದಿ ಮಡಚಿ ಬೆನ್ನ ಮೇಲೆ ಹಾಸಿ ಅವ್ವನನ್ನು ಕೂರಿಸಿದ. ಆಯಿ ಮನೆ ಕಾಯಲು ಉಳಿದಳು. ಮುತ್ಯಾ ಮುಂದೆ ಹಗ್ಗ ಹಿಡಿದು, ನಾನು ಗಂಟು ಹೊತ್ತು, ದಸ್ತಗೀರ ಸುರಂಗಿಯ ಸೊಂಟದ ಮೇಲೆ ಅಂಗೈ ಇಟ್ಟುಕೊಂಡು, ಹೊಲದ ಬದುವಿನ ಮೇಲೆ ನಡೆದೆವು. ಮಳೆಗಾಲದ ಎರೆಮಣ್ಣು, ಒಂದೊಂದು ಹೆಜ್ಜೆಗೂ ಕಾಲಿಗೆ ರೊಟ್ಟಿಯಷ್ಟು ಕೆಸರು ಮೆತ್ತಿಕೊಳ್ಳುತ್ತಿತ್ತು. ಸುರಂಗಿ ನಿದ್ದೆಯಿಂದ ಎಬ್ಬಿಸಿದ ಮಗುವಿನ ಹಾಗೆ ಕಾಲು ಹಾಕುತ್ತಿದ್ದಳು. ದಸ್ತಗೀರ ದಾರಿಯುದ್ದಕ್ಕೂ ಮಾತಾಡಿದ, ನಮ್ಮ ಕೂಡ ಅಲ್ಲ, ಅವಳ ಕೂಡ.

“ಬಾರವ್ವಾ, ಬಾ ಮಗಳ. ಇನ್ನ ಸ್ವಲ್ಪ. ನಾಳಿ ನಿನಗ ಬೆಲ್ಲ ತಿನಸ್ತೀನಿ. ಗೌಡ್ರ ಕೈಲೇ ತಿನಸ್ತೀನಿ, ಬಾ.”

ಹಳ್ಳದ ಇಳಿಜಾರಿಗೆ ಬಂದಾಗ ಅವನು ಅವ್ವನನ್ನು ಇಳಿಸೋಣ ಎಂದ. ಕೆಸರಿನಲ್ಲಿ ಅವಳು ಜಾರಿದರೆ ಕೂಸಿಗೆ ಪೆಟ್ಟು ಎಂದ ಮುತ್ಯಾ. ಇಬ್ಬರದೂ ಸರಿಯೇ ಇತ್ತು. ಅವರು ಹಾಗೆ ಅನ್ನುತ್ತಿರುವಾಗಲೇ ಸುರಂಗಿಯ ಹಿಂಗಾಲು ಎರಡೂ ಒಟ್ಟಿಗೆ ಬದಿಗೆ ಜಾರಿದವು. ಅವಳು ಬೀಳಲಿಲ್ಲ. ನಾಯಿ ಕೂರುವ ಹಾಗೆ ಹಿಂದೆ ಕೂತಳು, ಮುಂಗಾಲು ಊರಿ, ಮೈ ಗಟ್ಟಿ ಹಿಡಿದು. ಅವ್ವ ಮೆಲ್ಲಗೆ ಜಾರಿ ದಸ್ತಗೀರನ ತೋಳಿಗೆ ಬಂದಳು. ಅವಳಿಗೆ ಒಂದು ಗೀರು ಕೂಡ ಆಗಲಿಲ್ಲ. ಅವಳು ಇಳಿಯುವ ತನಕ ತಡೆದುಕೊಂಡು, ಆಮೇಲೆ ಸುರಂಗಿ ಪಕ್ಕಕ್ಕೆ ಒರಗಿದಳು.

ಏಳಿಸಲು ನೋಡಿದೆವು. ಮುಂಗಾಲು ಎತ್ತಿದಳು, ಹಿಂದಿನ ಅರ್ಧ ಬೇರೆ ಯಾರದೋ ಎನ್ನುವ ಹಾಗೆ ಅಲ್ಲೇ ಬಿದ್ದಿತ್ತು. ದಸ್ತಗೀರ ಸೊಂಟದ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿದ. ಮುತ್ಯಾ ಕೆಸರಿನಲ್ಲಿ ಕೂತು, “ಏನಲೇ? ಏನಾತಲೇ?” ಎಂದು ಕೇಳುತ್ತಲೇ ಇದ್ದ.

“ನೀವು ಹೊಂಡ್ರಿ ಗೌಡ್ರ. ಹೊತ್ತು ಇಳಿಯಾಕತ್ತದ. ಅಕ್ಕಾರನ್ನ ದಾಟಸರಿ.”

“ಇಕಿನ್ನ?”

“ನಾ ಇರ್ತೀನಿ.”

“ಅವರು ಬಂದರಂದ್ರ? ನಮ್ಮ ಕುದುರಿ ಕೂಡ ನಿನ್ನ ನೋಡಿದರಂದ್ರ?”

“ಮಾಲೀಸು ಅರ್ಧಕ್ಕ ಬಿಟ್ಟು ಎದ್ದು ಹೋಗೂದಿಲ್ರಿ ನಾನು.”

ಅವನು ಅವಳ ಕುತ್ತಿಗೆಯ ಹತ್ತಿರ ಕೂತು ಅಂಗೈ ತಿಕ್ಕಿಕೊಂಡ. ಕಿವಿಯ ಹಿಂದಿನಿಂದ ಶುರು ಮಾಡಿದ. ಅವ್ವ ಬಗ್ಗಿ ಸುರಂಗಿಯ ಹಣೆಯ ಬಿಳಿ ಮುಟ್ಟಿದಳು. ನಾವು ನೀರಿಗೆ ಇಳಿದೆವು. ಆಚೆ ದಡದ ಕಲ್ಲುದಾರಿಯಲ್ಲಿ ಅವ್ವನನ್ನು ಆ ಕಡೆ ಮುತ್ಯಾ ಈ ಕಡೆ ನಾನು ಹಿಡಿದು ನಡೆಸುವಾಗ, ಬಹಳ ಹೊತ್ತಿನ ತನಕ ಹಿಂದಿನಿಂದ “ಹುಸ್ಸ್, ಹುಸ್ಸ್” ಕೇಳುತ್ತಿತ್ತು. ದೀಪ ಹಚ್ಚುವ ಹೊತ್ತಿಗೆ ತವರು ಮುಟ್ಟಿದೆವು.

ಮುತ್ಯಾ ಮರುದಿನ, ಮಂಗಳವಾರ ನಸುಕಿನಲ್ಲಿ, ಕಾವಲು ಕೂರುವ ಮೊದಲೇ ಹಿಂತಿರುಗಿದಾಗ ಸುರಂಗಿ ಸತ್ತಿದ್ದಳು. ಅವಳ ತಲೆಯ ಕೆಳಗೆ ಹುಲ್ಲು ಮೆತ್ತೆ ಮಾಡಿ ಇಡಲಾಗಿತ್ತು, ಮೈಮೇಲೆ ದಸ್ತಗೀರನ ಕಂಬಳಿ ಇತ್ತು. ದಸ್ತಗೀರ ಇರಲಿಲ್ಲ. ಹಳ್ಳದ ಉದ್ದಕ್ಕೂ ಮುತ್ಯಾ ಅವನ ಹೆಸರು ಹಿಡಿದು ಕೂಗಿದನಂತೆ.

ಅವ್ವನಿಗೆ ಹೆಣ್ಣು ಹುಟ್ಟಿತು, ನನ್ನ ತಂಗಿ. ಗಟ್ಟಿ ಕೂಸು, ಹುಟ್ಟಿದ ಕೂಡಲೇ ಓಣಿ ಎಬ್ಬಿಸಿತು. ಆ ಹೊತ್ತಿಗೆ ಸರಕಾರ ಬದಲಾಗಿತ್ತು, ನಾಕಾ ಹೋಗಿತ್ತು, ಅಪ್ಪ ಸೊಲ್ಲಾಪುರದಿಂದ ಹಾಡುಹಗಲು ಕರಜಗಿಯ ಮನೆಗೆ ನಡೆದು ಬಂದ. ಇನ್ನು ಕೆಲವು ದಿನ ತಡೆದಿದ್ದರೆ ಯಾವ ಓಟವೂ ಬೇಕಿರಲಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು, ಯಾರೂ ಅನ್ನಲಿಲ್ಲ. ತೊಟ್ಟಿಲಿಗೆ ಹಾಕುವ ದಿನ ಮುತ್ಯಾ ಬಂದು ಬಾಣಂತಿ ಕೋಣೆಯ ಹೊಸಿಲಲ್ಲಿ ನಿಂತ. 

“ಸುರಂಗಿ?” ಎಂದು ಅವ್ವ ಕೇಳಿದಳು. ಅವನು ತಲೆ ಅಲ್ಲಾಡಿಸಿದ. “ದಸ್ತಗೀರಣ್ಣ?” ಅದಕ್ಕೂ ಅಲ್ಲಾಡಿಸಿದ. ಬಾಣಂತಿ ಕೋಣೆಯಲ್ಲಿ ಕಣ್ಣೀರು ಹಾಕಬಾರದು, ಹಾಲು ಬತ್ತುತ್ತದೆ ಎನ್ನುತ್ತಾರೆ. ಅವ್ವ ತುಟಿ ಕಚ್ಚಿಕೊಂಡು ಗೋಡೆಯ ಕಡೆ ತಿರುಗಿದಳು. ಹೊರಗೆ ಹೆಂಗಸರು ಜೋಗುಳ ಹಾಡುತ್ತಿದ್ದರು, ಗುಗ್ಗರಿ ಹಂಚುತ್ತಿದ್ದರು, ಎಲ್ಲರೂ ಮುತ್ಯಾನಿಗೆ, ಗೌಡ್ರ, ದೇವರು ಕಣ್ಣು ತೆರೆದ ಎನ್ನುತ್ತಿದ್ದರು. ಅವನು ಕೈಮುಗಿದು ಕೈಮುಗಿದು ಸುಸ್ತಾದ. ನಮ್ಮ ಮನೆಯಲ್ಲಿ ಅಳುವುದಕ್ಕೆ ಅಂಥ ದೊಡ್ಡ ಕಾರಣ ಬಂದಾಗ ಅಳಲು ಜಾಗವೇ ಇರಲಿಲ್ಲ.

ಮುತ್ಯಾ ಆಳಂದಕ್ಕೆ ಹೋಗಿ ಬಂದ. ದಸ್ತಗೀರನ ಮನೆಗೆ ಬೀಗ ಬಿದ್ದಿತ್ತು, ಹೆಂಡತಿ ಎಲ್ಲಿ ಹೋದಳು ಎಂದು ಓಣಿಯವರು ಹೇಳಲಿಲ್ಲ. ಮೊದಲು ನಮ್ಮಂಥವರಿಗೆ ಹೆದರಿಕೆ ಇತ್ತು, ಈಗ ದಸ್ತಗೀರನಂಥವರಿಗೆ. ಕೇಳಿದರೆ ಬಾಗಿಲು ಹಾಕಿಕೊಳ್ಳುತ್ತಿದ್ದರು. ಜೇವರ್ಗಿಗೂ ಹೋದ. ಅಲ್ಲಿಯ ದೊಡ್ಡ ಮನೆಗಳಲ್ಲಿ ಕುದುರೆಗಳೇ ಉಳಿದಿರಲಿಲ್ಲ. ಅವನಿಗೆ ಏನಾಯಿತೆಂದು ಇಂದಿಗೂ ನನಗೆ ಗೊತ್ತಿಲ್ಲ.

ಆ ತಿರುಗಾಟದಿಂದ ಬಂದ ಮುತ್ಯಾನ ಬೆನ್ನು ಸೆಟೆದುಕೊಂಡಿತ್ತು. ಅವ್ವನ ಜೊತೆ ನಾನು ಊರಿಗೆ ಮರಳಿದ ಮೇಲೆ ಒಂದು ಸಂಜೆ ಎಣ್ಣೆ ಬಿಸಿ ಮಾಡಿ ತಂದೆ. ಅವನು ಪಡಸಾಲೆಯಲ್ಲಿ ಬೋರಲು ಮಲಗಿದ. ನಾನು ಕುತ್ತಿಗೆಯಿಂದ ಶುರು ಮಾಡಿ ಹೆಗಲಿಗೆ ಬಂದೆ, ಹೆಗಲಿನಿಂದ ಬೆನ್ನಿಗೆ. ಸೊಂಟದ ಹತ್ತಿರ ಕೈ ಹೋದಾಗ ಅವನ ಮೈ ಅಲುಗತೊಡಗಿತು. ಅಳುತ್ತಿದ್ದಾನೆಂದು ತಿಳಿಯಲು ನನಗೆ ಹೊತ್ತು ಹಿಡಿಯಿತು.

“ನೋವಾತೇನ ಮುತ್ಯಾ?”

“ಎತ್ತಿಗಿ ಅಂತ ವಾರದಾಗ ಒಂದು ದಿನ ಇಟ್ಟೇವಿ, ನೀಲಿ. ನಮ್ಮಪ್ಪ ಇಟ್ಟಿದ್ದ, ಅವರಪ್ಪ ಇಟ್ಟಿದ್ದ. ಆಕಿ ಇಷ್ಟು ವರ್ಷ ನನ್ನ ಹೊತ್ತಳು, ಆಕಿಗಿ ಅಂತ ಯಾರೂ ಏನೂ ಇಟ್ಟಿರಲಿಲ್ಲ. ಆ ಸಾಬ ಆಕಿಗಿ ಒಂದ ದಿನ ಕೇಳಿದ. ಬರೇ ಒಂದ ದಿನ.”

ನಾನು ಕೈ ತೆಗೆಯಲಿಲ್ಲ.

ಅದು ಹಿಂಗಾರಿ ಬಿತ್ತುವ ಹೊತ್ತು. ನೆಲದ ಹಸಿ ಆರುವ ಮೊದಲೇ ಜೋಳ ಬೀಳಬೇಕು, ಊರಿಗೆ ಊರೇ ಕೂರಿಗೆ ಹೊತ್ತು ಹೊಲಕ್ಕೆ ಓಡುತ್ತಿತ್ತು. ಸೋಮವಾರ ಎಂದಿನಂತೆ ನಮ್ಮ ಎತ್ತುಗಳು ದಂದಕ್ಕಿಯಲ್ಲಿ ನಿಂತವು. ಮಂಗಳವಾರ ಬೆಳಗ್ಗೆ ಅಪ್ಪ ನೊಗ ಎತ್ತಿಕೊಂಡಾಗ ಮುತ್ಯಾ ಅವನ ಕೈಯಿಂದ ತೆಗೆದು ಗೋಡೆಗೆ ಆನಿಸಿಟ್ಟ. ಮುಂದಿನ ಮಂಗಳವಾರವೂ ಹಾಗೇ. ಅವನು ಇರುವ ತನಕ ನಮ್ಮ ಮನೆಯಲ್ಲಿ ಮಂಗಳವಾರ ನೊಗ ಹೂಡಲಿಲ್ಲ. ಆ ವರ್ಷ ನಮ್ಮ ಜೋಳ ಎಲ್ಲರಿಗಿಂತ ಹಿಂದೆ ಬಿತ್ತು. ಪಕ್ಕದ ಹೊಲದವನು ತಡೆಯಲಾರದೆ ಬಾಗಿಲಿಗೆ ಬಂದು ಕೇಳಿದ.

“ಸೋಮವಾರ ಬಸವಣ್ಣಂದು, ಖರೆ. ಮಂಗಳವಾರ ಯಾವ ದೇವರದ್ರಿ ಗೌಡ್ರ?”

“ದೇವರದಲ್ಲಪಾ” ಅಂದ ಮುತ್ಯಾ. ಅಷ್ಟೇ ಅಂದು, ಎತ್ತುಗಳಿಗೆ ಹುಲ್ಲು ಹಾಕಲು ಹೋದ.